ಶೀತಕಾಲದ ಗೇರುದೋಷವೂ ವಾಹನಗಳ ಮರುಕರೆಯೂ

ಕೊಡಗಿನ ಉತ್ತರದ ಅಂಚಿನಲ್ಲಿ, ಹಾಸನ ಜಿಲ್ಲೆಯ ಗಡಿಗೆ ಸಮೀಪವಾಗಿ, ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ ಕೊಡ್ಲಿಪೇಟೆ ಇರುವುದು. ಹಿಂದಿನ ಕಂದಾಯದ ವಿಂಗಡಣೆಯಲ್ಲಿ ಏಳುಸಾವಿರ ಸೀಮೆಯೆಂದು ಹೆಸರಾಗಿದ್ದ ಭಾಗ ಇದು. ಕೊಡಗಿನಲ್ಲಿ ರೈಲುಮಾರ್ಗವಿಲ್ಲ. ಆದುದರಿಂದ ಕಾಫಿ, ಮೆಣಸು, ಬತ್ತಗಳ ಸಾಗಣೆಗೂ, ಶಾಲೆಯ ಮಕ್ಕಳು ಹೋಗಿಬರುವುದಕ್ಕೂ, ರೋಗಿಗಳನ್ನು ಹಾಸನಕ್ಕೋ ಮಡಿಕೇರಿಗೋ ಒಯ್ಯುವುದಕ್ಕೂ ರಸ್ತೆಯೇ ಗತಿ. ಆ ರಸ್ತೆಯ ಮೇಲೆ ಬಸ್ಸು ಜೀಪುಗಳೊಡನೆ ಸಣ್ಣ ವ್ಯಾನಿಗೂ ದೊಡ್ಡ ಪಾಲುಂಟು. ಧನುರ್ಮಾಸದ ಮುಂಜಾನೆ, ಮಂಜು ಇನ್ನೂ ಕರಗದಿರುವ ಹೊತ್ತಿನಲ್ಲಿ, ಇಂತಹ ವ್ಯಾನನ್ನು ಹೊರಡಿಸಲು ಯತ್ನಿಸುವ ಚಾಲಕನ ಬಾಯಿಂದ ಹೊರಡುವ ಮಾತೊಂದುಂಟು: ‘ಗೇರು ಬೀಳುತ್ತಿಲ್ಲ.’

ಮಾತು ಒಂದೇ ಆದರೂ ಅದರಿಂದ ಸೂಚಿತವಾಗುವ ಸಂಗತಿಗಳು ಹಲವು. ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಗೇರು ಬಿಗಿಯುವುದು ಒಂದು, ಅದು ಸಹಜವಾದುದು. ಬಹುಕಾಲದ ಬಳಕೆಯಿಂದ ಭಾಗಗಳು ಸವೆದು ಗೇರು ಬೀಳದಿರುವುದು ಇನ್ನೊಂದು. ಅದರ ದುರಸ್ತಿಯ ಖರ್ಚು ಒಡೆಯನದು. ಕಾರ್ಖಾನೆಯಲ್ಲಿಯೇ ಹುಟ್ಟಿದ ದೋಷ ಮೂರನೆಯದು. ಅದನ್ನು ಸರಿಪಡಿಸಿಕೊಡುವ ಹೊಣೆ ತಯಾರಕನ ಮೇಲಿರುವುದು. ಈ ಮೂರನ್ನೂ ಒಂದೇ ಮಾತಿನಲ್ಲಿ ಬೆರೆಸುವುದರಿಂದ ಆಗುವ ನಷ್ಟ ಹಣದ್ದು ಮಾತ್ರವಾಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಇಳಿಜಾರಿನ ರಸ್ತೆಯಲ್ಲಿ ಅದು ಪ್ರಾಣದ ನಷ್ಟವೂ ಆಗಬಹುದು. ಆದಕಾರಣ ಈ ಭೇದವನ್ನು ಅರಿಯುವ ಬಗೆ ಯಾವುದು, ಅರಿತ ಮೇಲೆ ಮಾಡತಕ್ಕದ್ದೇನು ಎಂಬುದನ್ನು ವಿವೇಚಿಸುವುದು ಇಲ್ಲಿಯ ಉದ್ದೇಶ.

೧. ಗೇರಿನ ರಚನೆ

ಎಂಜಿನ್ನಿನ ಬಲವು ಚಕ್ರಗಳಿಗೆ ನೇರವಾಗಿ ಹೋಗುವುದಿಲ್ಲ. ನಡುವೆ ಗೇರುಪೆಟ್ಟಿಗೆಯ ಮೂಲಕ ಹಾದುಹೋಗುವುದು. ಏರಿನಲ್ಲಿ ವೇಗ ಕಡಮೆಯಾಗಿ ಬಲ ಹೆಚ್ಚಾಗಬೇಕು. ಸಮನೆಲದಲ್ಲಿ ಬಲ ಕಡಮೆಯಾದರೂ ವೇಗ ಹೆಚ್ಚಾಗಬೇಕು. ಇದಕ್ಕಾಗಿ ಪೆಟ್ಟಿಗೆಯೊಳಗೆ ಬೇರೆಬೇರೆ ಅಳತೆಯ ಹಲ್ಲುಗಾಲಿಗಳನ್ನು ಜೋಡಿಜೋಡಿಯಾಗಿ ಇಟ್ಟಿರುವರು. ಇಂದಿನ ವಾಹನಗಳಲ್ಲಿ ಮುನ್ನಡೆಯ ಜೋಡಿಗಳೆಲ್ಲವೂ ಸದಾ ಒಂದರೊಡನೊಂದು ಹೆಣೆದುಕೊಂಡೇ ತಿರುಗುತ್ತಿರುವುವು. ಚಾಲಕನು ಗೇರು ಹಾಕುವುದೆಂದರೆ ಅವುಗಳಲ್ಲಿ ಒಂದು ಗಾಲಿಯನ್ನು, ಜಾರುವ ಒಂದು ಬಳೆಯ ಮೂಲಕ, ಅದರ ದಂಡಕ್ಕೆ ಬಿಗಿಯಾಗಿ ತಗುಲಿಸುವುದೆಂದೇ ಅರ್ಥ.

ತಗುಲಿಸುವ ಮೊದಲು ಗಾಲಿ ಮತ್ತು ದಂಡಗಳ ವೇಗ ಸಮನಾಗಿರಬೇಕು. ಇಲ್ಲವಾದರೆ ಹಲ್ಲು ಹಲ್ಲಿಗೆ ತಾಗಿ ಕರಕರ ಸದ್ದಾಗುವುದು. ಈ ಸಮೀಕರಣವನ್ನು ಮಾಡುವ ಅಂಗಕ್ಕೆ ಸಿಂಕ್ರೊನೈಸರ್ ಎಂದು ಹೆಸರು. ಅದರಲ್ಲಿ ಸಾಮಾನ್ಯವಾಗಿ ಹಿತ್ತಾಳೆಯಿಂದ ಮಾಡಿದ ಉಂಗುರವೊಂದು ಗಾಲಿಯ ಶಂಕುವಿನಾಕಾರದ ಮೈಯನ್ನು ಒತ್ತಿ ಹಿಡಿದು, ಘರ್ಷಣೆಯಿಂದ ಎರಡರ ವೇಗವನ್ನೂ ಒಂದಾಗಿಸುವುದು. ಉಂಗುರದ ಒಳಮೈಯಲ್ಲಿ ಸಣ್ಣ ಗೀರುಗಳಿರುವುವು; ನಡುವೆ ಸಿಕ್ಕಿದ ಎಣ್ಣೆಯನ್ನು ಕ್ಷಣಮಾತ್ರದಲ್ಲಿ ಹೊರಕ್ಕೆ ಒರಸಿಹಾಕುವುದು ಅವುಗಳ ಕೆಲಸ.

ಚಾಲಕನ ಕೈಯ ಚಲನೆ ಪೆಟ್ಟಿಗೆಯವರೆಗೆ ಹೋಗಲು ಸರಳುಗಳೋ ಕೇಬಲ್ಲುಗಳೋ ಬೇಕು. ಕೇಬಲ್ಲಿನ ತುದಿಯನ್ನು ಪೆಟ್ಟಿಗೆಯ ಸನ್ನೆಗೆ ಸೇರಿಸುವೆಡೆಯಲ್ಲಿ ಬುಷ್ ಎಂಬ ಪುಟ್ಟ ಬಿಲ್ಲೆಯಿರುವುದು. ಇದಲ್ಲದೆ, ಗೇರು ಹಾಕುವಾಗ ಎಂಜಿನ್ನನ್ನು ಪೆಟ್ಟಿಗೆಯಿಂದ ತಾತ್ಕಾಲಿಕವಾಗಿ ಬೇರ್ಪಡಿಸುವ ಕ್ಲಚ್ಚು ಬೇರೆ. ಹೀಗೆ ಕ್ಲಚ್ಚು, ಕೇಬಲ್ಲು, ಪೆಟ್ಟಿಗೆ ಎಂಬ ಮೂರು ಅಂಗಗಳಲ್ಲಿ ಯಾವುದೊಂದು ಕೆಟ್ಟರೂ ಚಾಲಕನಿಗೆ ತೋರುವುದು ಒಂದೇ: ಗೇರು ಬೀಳದು.

೨. ಚಳಿಯ ಪಾತ್ರ

ಉಷ್ಣತೆ ಇಳಿದಂತೆ ಎಣ್ಣೆಯ ಸ್ನಿಗ್ಧತೆ ಏರುವುದು. ಗೇರುಪೆಟ್ಟಿಗೆಗಳಲ್ಲಿ ಬಳಕೆಯಲ್ಲಿರುವ ೮೦ಡಬ್ಲ್ಯು-೯೦ ಎಂಬ ದರ್ಜೆಯ ಎಣ್ಣೆ ೧೦೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇರುವುದಕ್ಕಿಂತ ೪೦ ಡಿಗ್ರಿಯಲ್ಲಿ ಸುಮಾರು ಹತ್ತು ಪಾಲು ಮಂದವಾಗಿರುವುದು. ೧೦ ಡಿಗ್ರಿಗೆ ಇಳಿದರೆ ಅದಕ್ಕೂ ಹಲವು ಪಾಲು ಮಂದವಾಗುವುದು. ಈ ದರ್ಜೆಯ ಹೆಸರಿನಲ್ಲಿರುವ ‘ಡಬ್ಲ್ಯು’ ಎಂಬ ಅಕ್ಷರ ಚಳಿಗಾಲವನ್ನು ಸೂಚಿಸತಕ್ಕದ್ದು. ಅದರ ಹಿಂದಿನ ಅಂಕೆ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ತೆಳುವಾಗಿ ಉಳಿಯುವುದು. ಆದುದರಿಂದ ತಯಾರಕನು ೭೫ಡಬ್ಲ್ಯು ದರ್ಜೆಯನ್ನು ವಿಧಿಸಿರುವಲ್ಲಿ, ಅಗ್ಗವೆಂದು ಗಟ್ಟಿಯಾದ ಎಣ್ಣೆಯನ್ನು ಹಾಕಿಸಿದವನು ಚಳಿಯನ್ನು ದೂರುವುದರಲ್ಲಿ ನ್ಯಾಯವಿಲ್ಲ.

ಮಂದವಾದ ಎಣ್ಣೆಯನ್ನು ಸಿಂಕ್ರೊನೈಸರಿನ ಉಂಗುರ ಬೇಗನೆ ಒರಸಿಹಾಕಲಾರದು, ಹಿಡಿತ ತಡವಾಗುವುದು, ಸನ್ನೆ ಕೈಗೆ ಬಿಗಿಯೆನಿಸುವುದು. ಕೆಲವು ಮೈಲಿ ಓಡಿ ಪೆಟ್ಟಿಗೆ ಬೆಚ್ಚಗಾದೊಡನೆ ಈ ಬಿಗಿ ತಾನಾಗಿ ಸಡಿಲುವುದು. ಇದು ದೋಷವಲ್ಲ.

ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವ ದೇಶಗಳಲ್ಲಿ ಇನ್ನೊಂದು ತೊಡಕುಂಟು. ಕೇಬಲ್ಲಿನ ಒರೆಯೊಳಗೆ ಸೇರಿದ ತೇವ ರಾತ್ರಿಯಲ್ಲಿ ಮಂಜುಗಡ್ಡೆಯಾಗಿ ಕೇಬಲ್ಲನ್ನು ಸೆರೆಹಿಡಿಯುವುದು. ಕೊಡ್ಲಿಪೇಟೆಯ ಚಳಿ ಅಂತಹುದಲ್ಲ. ಅಲ್ಲಿ ಒರೆಯೊಳಗಿನ ನೀರು ನೀರಾಗಿಯೇ ಇರುವುದು. ಆದರೆ ಅದರಿಂದ ನಿಶ್ಚಿಂತರಾಗುವಂತಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಹರಿದ ರಬ್ಬರು ಮುಸುಕಿನ ಮೂಲಕ ಒಳಹೊಕ್ಕ ತೇವವು ತಂತಿಗೆ ತುಕ್ಕು ಹಿಡಿಸುವುದು. ಹಳೆಯ ಗ್ರೀಸು ಅದರೊಡನೆ ಬೆರೆತು ಕೆಸರಾಗುವುದು. ಚಳಿ ಬಂದಾಗ ಆ ಕೆಸರು ಗಟ್ಟಿಯಾಗುವುದು. ಆಷಾಢದಲ್ಲಿ ಬಿತ್ತಿದುದು ಪುಷ್ಯದಲ್ಲಿ ಫಲಿಸುವುದೆಂದು ಹೇಳಬಹುದು. ಚಳಿಯು ಇಲ್ಲಿ ದೋಷವನ್ನು ಬೆಳಕಿಗೆ ತರುವ ಸಾಕ್ಷಿ. ಅಪರಾಧಿಯನ್ನು ಬೇರೆ ಕಡೆ ಹುಡುಕಬೇಕು.

೩. ಪರೀಕ್ಷೆಯ ಕ್ರಮ

ಈ ಹುಡುಕಾಟಕ್ಕೆ ಉಪಕರಣಗಳ ಅಗತ್ಯ ಹೆಚ್ಚಿಲ್ಲ, ಗಮನ ಸಾಕು. ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ಎಂಜಿನ್ನನ್ನು ಆರಿಸಿ, ಒಂದೊಂದೇ ಗೇರನ್ನು ಹಾಕಿ ನೋಡತಕ್ಕದ್ದು. ಎಂಜಿನ್ನು ಆರಿದಾಗ ಎಲ್ಲ ಗೇರುಗಳೂ ಸುಲಭವಾಗಿ ಬಿದ್ದು, ನಡೆಯುತ್ತಿರುವಾಗ ಮಾತ್ರ ಬೀಳದಿದ್ದರೆ, ಕ್ಲಚ್ಚು ಪೂರ್ತಿಯಾಗಿ ಬಿಡುತ್ತಿಲ್ಲವೆಂದು ಶಂಕಿಸಬೇಕು. ಎಂಜಿನ್ನು ಆರಿದಾಗಲೂ ಸನ್ನೆ ಬಿಗಿಯಾಗಿಯೇ ಇದ್ದರೆ ಸರಳು ಅಥವಾ ಕೇಬಲ್ಲನ್ನು ನೋಡಬೇಕು. ಒಂದು ಗೇರು ಮಾತ್ರ ಕರಕರನೆ ಸದ್ದುಮಾಡಿ ಉಳಿದುವು ಸರಿಯಾಗಿದ್ದರೆ ಆ ಗೇರಿನ ಉಂಗುರ ಸವೆದಿರಬಹುದು. ಬೆಳಗ್ಗೆ ಎಲ್ಲವೂ ಬಿಗಿಯಾಗಿದ್ದು ಸ್ವಲ್ಪ ದೂರ ಓಡಿದ ಮೇಲೆ ಸರಿಹೋದರೆ ಎಣ್ಣೆಯ ದರ್ಜೆಯನ್ನೂ ಮಟ್ಟವನ್ನೂ ಪರೀಕ್ಷಿಸಬೇಕು.

ಇವೆಲ್ಲಕ್ಕಿಂತ ಭಯಂಕರವಾದುದು ಬಿಗಿಯಲ್ಲ, ಸಡಿಲು. ಸನ್ನೆಯು ಯಾವ ತಡೆಯೂ ಇಲ್ಲದೆ ಅತ್ತಿತ್ತ ಆಡತೊಡಗಿದರೆ, ಅಥವಾ ಸನ್ನೆ ತೋರಿಸುವ ಗೇರು ಒಂದು, ವಾಹನ ನಡೆಯುವ ಬಗೆ ಇನ್ನೊಂದು ಆದರೆ, ಕೇಬಲ್ಲಿನ ತುದಿ ಕಳಚಿರುವ ಸಂಭವವುಂಟು. ಅಂತಹ ವಾಹನವನ್ನು ಒಂದು ಗಜವೂ ಮುಂದಕ್ಕೆ ಓಡಿಸಬಾರದು. ಕೈಬ್ರೇಕು ಎಳೆದು, ಚಕ್ರಕ್ಕೆ ಕಲ್ಲುಕೊಟ್ಟು ನಿಲ್ಲಿಸುವುದೇ ಯುಕ್ತ.

೪. ಮರುಕರೆಯ ಪೂರ್ವವೃತ್ತಾಂತ

ಒಂದೇ ಬಗೆಯ ದೋಷ ಸಾವಿರಾರು ವಾಹನಗಳಲ್ಲಿ ಕಂಡಾಗ ಅದು ಒಬ್ಬೊಬ್ಬ ಒಡೆಯನ ದುರದೃಷ್ಟವೆನಿಸಲಾರದು. ಈ ವಿಚಾರಕ್ಕೆ ಕಾನೂನಿನ ರೂಪ ಬಂದುದು ಅಮೆರಿಕದಲ್ಲಿ. ರಾಲ್ಫ್ ನೇಡರನು ೧೯೬೫ರಲ್ಲಿ ಪ್ರಕಟಿಸಿದ ಗ್ರಂಥವು ಮೋಟಾರು ತಯಾರಕರ ಅನಾಸ್ಥೆಯನ್ನು ಜನರ ಮುಂದಿಟ್ಟಿತು. ೧೯೬೬ರಲ್ಲಿ ರಾಷ್ಟ್ರೀಯ ವಾಹನ ಸುರಕ್ಷತಾ ಕಾನೂನು ಅಂಗೀಕೃತವಾಯಿತು.

ಗೇರಿನ ವಿಷಯದಲ್ಲಿಯೇ ಆ ದೇಶದ ಎರಡು ಪ್ರಸಂಗಗಳು ಗಮನಾರ್ಹವಾಗಿವೆ. ೧೯೭೦ರ ದಶಕದ ಫೋರ್ಡ್ ವಾಹನಗಳಲ್ಲಿ, ನಿಲುಗಡೆಯ ಸ್ಥಾನದಲ್ಲಿಟ್ಟ ಸನ್ನೆ ತಾನಾಗಿ ಹಿನ್ನಡೆಗೆ ಜಾರುವುದೆಂಬ ದೂರುಗಳು ಬಹುಸಂಖ್ಯೆಯಲ್ಲಿ ಬಂದುವು. ೧೯೮೦ರ ಕೊನೆಯಲ್ಲಿ ಸರ್ಕಾರಕ್ಕೂ ತಯಾರಕರಿಗೂ ಒಂದು ಒಪ್ಪಂದವಾಯಿತು. ಅದರಂತೆ ಸುಮಾರು ೨ ಕೋಟಿ ೩೦ ಲಕ್ಷ ವಾಹನಗಳ ಒಡೆಯರಿಗೆ ಕಳುಹಿಸಲ್ಪಟ್ಟುದು ಹೊಸ ಭಾಗವಲ್ಲ, ಅಂಟಿಸಿಕೊಳ್ಳುವ ಎಚ್ಚರಿಕೆಯ ಚೀಟಿ! ವಾಹನವನ್ನು ತಿದ್ದುವ ಬದಲು ಚಾಲಕನನ್ನು ತಿದ್ದಹೊರಟ ಈ ಪರಿಹಾರ ಬಹುಕಾಲ ಟೀಕೆಗೆ ಗುರಿಯಾಯಿತು.

ಎರಡನೆಯ ಪ್ರಸಂಗ ೨೦೨೨ರದು. ಅದೇ ಸಂಸ್ಥೆಯು ಆ ವರ್ಷದ ಜೂನ್ ತಿಂಗಳಲ್ಲಿ ಸುಮಾರು ೨೯ ಲಕ್ಷ ವಾಹನಗಳನ್ನು ಮರುಕರೆಗೆ ಒಳಪಡಿಸಿತು; ೨೦೧೩ರಿಂದ ೨೦೨೧ರವರೆಗಿನ ಮಾದರಿಯ ಟ್ರಾನ್ಸಿಟ್ ಕನೆಕ್ಟ್ ಎಂಬ ವ್ಯಾನೂ ಅವುಗಳೊಳಗೆ ಸೇರಿದ್ದಿತು. ಗೇರಿನ ಕೇಬಲ್ಲನ್ನು ಪೆಟ್ಟಿಗೆಗೆ ಸೇರಿಸುವ ಬುಷ್ ಶಿಥಿಲವಾಗಿ ಕಳಚಬಹುದೆಂಬುದು ದೋಷ. ಚಾಲಕನು ನಿಲುಗಡೆಯ ಸ್ಥಾನಕ್ಕೆ ಸನ್ನೆಯನ್ನು ತಂದರೂ ಪೆಟ್ಟಿಗೆ ಅದನ್ನು ಅರಿಯದು. ಕೈಬ್ರೇಕು ಎಳೆಯದಿದ್ದರೆ ವಾಹನ ಉರುಳಬಹುದು. ಹೊಸ ಬುಷ್ ಹಾಕಿ ಅದರ ಮೇಲೆ ರಕ್ಷಣೆಯ ಟೋಪಿಯೊಂದನ್ನು ಕೂರಿಸುವುದು ಪರಿಹಾರವಾಯಿತು. ಈ ಬುಷ್ ಶಿಥಿಲವಾಗುವುದಕ್ಕೆ ಶಾಖ ಮತ್ತು ಗಾಳಿಯ ತೇವಗಳು ಕಾರಣವೆಂದು ಕಂಡುಬಂದುದು ಮಲೆನಾಡಿನವರು ವಿಶೇಷವಾಗಿ ಗಮನಿಸತಕ್ಕ ಸಂಗತಿ. ಚಳಿಗಾಲದಲ್ಲಿ ಪ್ರಕಟವಾಗುವ ದೋಷಕ್ಕೆ ಚಳಿಯೇ ಮೂಲವೆಂದು ತೀರ್ಮಾನಿಸುವುದು ಎಷ್ಟು ಅವಸರದ ಮಾತೆಂಬುದು ಇದರಿಂದ ವಿದಿತವಾಗುವುದು.

೫. ಭಾರತದ ಕಾನೂನು

ಭಾರತದಲ್ಲಿ ೨೦೧೨ರ ಜುಲೈ ತಿಂಗಳಿಂದ ತಯಾರಕರ ಸಂಘವು ಸ್ವಯಂಪ್ರೇರಿತ ಮರುಕರೆಯ ನಿಯಮಾವಳಿಯನ್ನು ಆಚರಣೆಗೆ ತಂದಿತು. ೨೦೧೯ರ ಮೋಟಾರು ವಾಹನಗಳ ತಿದ್ದುಪಡಿ ಕಾನೂನು ೧೧೦ಎ ಎಂಬ ಪ್ರಕರಣವನ್ನು ಸೇರಿಸಿ ಇದಕ್ಕೆ ಶಾಸನದ ಬಲ ಕೊಟ್ಟಿತು. ಅದರ ಮೇರೆಗೆ ರಚಿತವಾದ ನಿಯಮಗಳು ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದುವು. ಅವುಗಳ ಸಾರಾಂಶವಿಷ್ಟು. ಏಳು ವರ್ಷ ಮೀರದ ವಾಹನಗಳಲ್ಲಿ ಚಾಲಕನಿಗೋ ಪ್ರಯಾಣಿಕರಿಗೋ ದಾರಿಹೋಕರಿಗೋ ಪರಿಸರಕ್ಕೋ ಹಾನಿಯುಂಟುಮಾಡುವ ದೋಷ ಕಂಡರೆ ಒಡೆಯರು ದೂರು ಕೊಡಬಹುದು. ಮಾರಾಟದ ಪ್ರಮಾಣಕ್ಕೆ ತಕ್ಕಂತೆ ಗೊತ್ತುಮಾಡಿದ ಸಂಖ್ಯೆಗೆ ದೂರುಗಳು ಮುಟ್ಟಿದಾಗ ಸರ್ಕಾರ ಮರುಕರೆಗೆ ಆಜ್ಞೆ ಮಾಡಬಹುದು. ತಯಾರಕನು ಬೆಲೆಯನ್ನು ಹಿಂದಿರುಗಿಸಬೇಕು, ಇಲ್ಲವೆ ವಾಹನವನ್ನು ಬದಲಿಸಿಕೊಡಬೇಕು, ಇಲ್ಲವೆ ದುರಸ್ತಿಮಾಡಬೇಕು. ಇದಲ್ಲದೆ ೧೦ ಲಕ್ಷದಿಂದ ೧ ಕೋಟಿ ರೂಪಾಯಿಯವರೆಗೆ ದಂಡವುಂಟು. ದೋಷವನ್ನು ತಾನೇ ಕಂಡು ತಿಳಿಸಿ ಮರುಕರೆಗೆ ತೊಡಗಿದವನಿಗೆ ಈ ದಂಡವಿಲ್ಲ. ಪ್ರಾಮಾಣಿಕತೆಗೆ ಕಾನೂನು ಕೊಟ್ಟಿರುವ ಪ್ರೋತ್ಸಾಹವಿದು.

ಸಣ್ಣ ವ್ಯಾನುಗಳ ವಿಷಯದಲ್ಲಿ ಈ ಪದ್ಧತಿ ನಡೆದಿರುವುದಕ್ಕೆ ನಿದರ್ಶನಗಳಿವೆ. ಮಾರುತಿ ಸುಜುಕಿ ಸಂಸ್ಥೆಯು ೨೦೨೦ರಲ್ಲಿ ೪೦,೪೫೩ ಈಕೊ ವ್ಯಾನುಗಳನ್ನು, ಮುಂದೀಪದ ಮೇಲೆ ಪ್ರಮಾಣಚಿಹ್ನೆ ಇಲ್ಲದಿರಬಹುದೆಂಬ ಕಾರಣಕ್ಕಾಗಿ ಪರೀಕ್ಷೆಗೆ ಕರೆಯಿತು. ೨೦೨೩ರ ಜುಲೈಯಲ್ಲಿ ಈಕೊ ಮತ್ತು ಎಸ್-ಪ್ರೆಸ್ಸೊ ಸೇರಿ ೮೭,೫೯೯ ವಾಹನಗಳನ್ನು, ಸ್ಟಿಯರಿಂಗಿನ ಟೈ ರಾಡಿನ ಒಂದು ಭಾಗ ಮುರಿಯಬಹುದೆಂಬ ಶಂಕೆಯಿಂದ ಕರೆದು, ದೋಷವಿರುವ ಭಾಗವನ್ನು ಪುಕ್ಕಟೆಯಾಗಿ ಬದಲಿಸುವುದಾಗಿ ಸಾರಿತು. ಇವು ಗೇರಿಗೆ ಸಂಬಂಧಿಸಿದುವಲ್ಲವಾದರೂ, ದೋಷದ ಹೊಣೆಯನ್ನು ಒಡೆಯನ ಹೆಗಲಿಂದ ತಯಾರಕನ ಹೆಗಲಿಗೆ ಒಯ್ಯುವ ಮಾರ್ಗ ಯಾವುದೆಂಬುದನ್ನು ತೋರಿಸುವುವು.

೬. ಹೆಸರು ಮತ್ತು ದೂರು

ವೃತ್ತಪತ್ರಿಕೆಗಳು ಈ ಕಾರ್ಯವನ್ನು ‘ಹಿಂಪಡೆಯುವುದು’ ಎಂದು ಕರೆಯುವುದುಂಟು. ಬೆಲೆ ಹಿಂದಿರುಗಿಸುವ ಅವಕಾಶ ಕಾನೂನಿನಲ್ಲಿ ಇರುವುದರಿಂದ ಆ ಮಾತು ತೀರ ತಪ್ಪಲ್ಲ. ಆದರೆ ರೂಢಿಯಲ್ಲಿ ನಡೆಯುವುದು ದುರಸ್ತಿಯೇ. ವಾಹನವು ಕಾರ್ಯಾಗಾರಕ್ಕೆ ಹೋಗಿ ಮನೆಗೆ ಮರಳುವುದು. ‘ಹಿಂಪಡೆದರು’ ಎಂಬುದನ್ನು ಓದಿದವನಿಗೆ ತನ್ನ ವ್ಯಾನನ್ನು ಕಸಿದುಕೊಳ್ಳುವರೋ ಎಂಬ ಅಳುಕು ಹುಟ್ಟಿದರೆ ಆಶ್ಚರ್ಯವಿಲ್ಲ. ಜೀವನೋಪಾಯಕ್ಕೆ ಅದೊಂದನ್ನೇ ನಂಬಿದವನು ಸುಮ್ಮನಿದ್ದುಬಿಡಲೂಬಹುದು. ‘ಮರುಕರೆ’ ಎಂಬ ಮಾತು ನಡೆಯುವ ಕೆಲಸಕ್ಕೆ ಹೆಚ್ಚು ಸಮೀಪವಾದುದು.

ಹೆಸರಿಗಿಂತಲೂ ಮುಖ್ಯವಾದುದು ದೂರಿನ ಭಾಷೆ. ‘ಚಳಿಯಲ್ಲಿ ಗೇರು ಬೀಳುತ್ತಿಲ್ಲ’ ಎಂದಷ್ಟೇ ಬರೆದರೆ, ಅದು ಸಹಜವೆಂಬ ಉತ್ತರ ಬರುವುದು. ಯಾವ ತಿಂಗಳು, ಯಾವ ಹೊತ್ತು, ಯಾವ ಗೇರು, ಎಂಜಿನ್ನು ನಡೆಯುತ್ತಿದ್ದಿತೋ ಆರಿದ್ದಿತೋ, ಎಷ್ಟು ದೂರ ಓಡಿದ ಮೇಲೆ ಸರಿಹೋಯಿತು ಅಥವಾ ಹೋಗಲಿಲ್ಲ, ವಾಹನ ಒಟ್ಟು ಎಷ್ಟು ಕಿಲೋಮೀಟರು ಓಡಿದೆ, ಅದರ ಚಾಸಿಸ್ ಸಂಖ್ಯೆ ಯಾವುದು ಎಂಬಿವನ್ನು ಬರೆದರೆ ಅದೇ ದೂರು ಪ್ರಮಾಣವಾಗುವುದು. ತುರ್ತಿನಲ್ಲಿ ಊರ ಮೆಕ್ಯಾನಿಕನಿಂದ ಬುಷ್ ಬದಲಿಸಿಕೊಂಡುದಾದರೆ ತೆಗೆದ ಬುಷ್ಷನ್ನು ಎಸೆಯದೆ, ಕೊಟ್ಟ ಹಣದ ರಶೀತಿಯೊಡನೆ ಇಟ್ಟುಕೊಳ್ಳತಕ್ಕದ್ದು. ಹೀಗೆ ಮಾಡದೆ ರಿಪೇರಿಯೊಂದನ್ನೇ ಮಾಡಿಸಿಕೊಂಡವನ ವ್ಯಾನು ಓಡತೊಡಗುವುದು, ನಿಜ; ಆದರೆ ಅವನ ಅನುಭವ ಲೆಕ್ಕಕ್ಕೆ ಸೇರದೆ ಹೋಗುವುದು. ಅದೇ ದೋಷವುಳ್ಳ ಇನ್ನೊಂದು ವ್ಯಾನು ಮತ್ತೊಂದು ಇಳಿಜಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಿಂತಿರಬಹುದು.

ಎರಡನೆಯ ಕೈಗೆ ಮಾರಾಟವಾದ ವಾಹನಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಯಾರಕನ ಪತ್ರ ಮೊದಲನೆಯ ಒಡೆಯನ ವಿಳಾಸಕ್ಕೆ ಹೋಗಿ ಅಲ್ಲಿಯೇ ಉಳಿಯಬಹುದು. ಹಲವು ತಯಾರಕರು ಚಾಸಿಸ್ ಸಂಖ್ಯೆಯಿಂದ ಮರುಕರೆಯ ವಿಷಯವನ್ನು ತಿಳಿಯುವ ಏರ್ಪಾಡನ್ನು ತಮ್ಮ ಜಾಲತಾಣಗಳಲ್ಲಿ ಮಾಡಿರುವುದರಿಂದ, ಕೊಂಡವನೇ ವಿಚಾರಿಸಿ ನೋಡುವುದು ಲೇಸು.

ಕೊಡ್ಲಿಪೇಟೆಯಂತಹ ಊರುಗಳಲ್ಲಿ ಅರ್ಜಿ ಬರೆಯಬೇಕಾದಾಗ ಜನ ಹುಡುಕಿಕೊಂಡು ಹೋಗುವುದು ಶಾಲೆಯ ಉಪಾಧ್ಯಾಯರನ್ನು. ‘ಗೇರು ಬೀಳುತ್ತಿಲ್ಲ’ ಎಂದು ಬಂದವನನ್ನು ಕೂರಿಸಿಕೊಂಡು, ಮೇಲೆ ಹೇಳಿದ ನಾಲ್ಕಾರು ಪ್ರಶ್ನೆಗಳನ್ನು ಕೇಳಿ, ಅವನ ಮಾತನ್ನು ಅವನ ಅನುಭವಕ್ಕೆ ಸರಿಯಾಗಿ ಬಿಡಿಸಿ ಬರೆದುಕೊಡುವುದು ಭಾಷೆಯನ್ನು ಬಲ್ಲವರಿಂದಲೇ ಆಗತಕ್ಕ ಕೆಲಸ. ಅಂತಹ ದೂರುಗಳು ಊರೂರಿನಿಂದ ಒಟ್ಟುಗೂಡಿದಾಗಲೇ ಕಾನೂನು ಎಚ್ಚೆತ್ತುಕೊಳ್ಳುವುದು.