ರಕ್ತದೊತ್ತಡ: ಎರಡು ಅಂಕಿಗಳ ಅರ್ಥ

ಬೀದರ್‌ನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್, ಅಂದರೆ ನೆಲದಡಿಯ ಸುರಂಗ ಕಾಲುವೆ ಇದೆ. ಅಲ್ಲಿ ನೀರು ಹರಿಯಲು ನೆಲದ ಇಳಿಜಾರೇ ಸಾಕು, ಯಾರೂ ತಳ್ಳಬೇಕಾಗಿಲ್ಲ. ಮನುಷ್ಯನ ರಕ್ತಕ್ಕೆ ಈ ಅನುಕೂಲವಿಲ್ಲ. ಹೃದಯದಿಂದ ಮೇಲಿರುವ ತಲೆಗೂ ಅದು ಏರಬೇಕು. ಆದ್ದರಿಂದ ಹೃದಯವು ಪ್ರತಿ ಬಡಿತಕ್ಕೂ ಅದನ್ನು ಒತ್ತಿ ನೂಕುತ್ತದೆ. ಆಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡವನ್ನೇ ಜನ ‘ಬಿ.ಪಿ.’ ಎನ್ನುವುದು.

ಇದನ್ನು ಮೊದಲು ಅಳೆದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತವು ಎಂಟಡಿಗೂ ಎತ್ತರಕ್ಕೆ ಏರಿದ್ದನ್ನು ಅವರು 1733ರಲ್ಲಿ ಪ್ರಕಟಿಸಿದರು. ರೋಗಿಯ ಮೇಲೆ ಇಂಥ ಪ್ರಯೋಗ ಸಾಧ್ಯವೇ? 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಗಾಳಿ ತುಂಬುವ ಪಟ್ಟಿ ಸುತ್ತಿ, ನೀರಿಗಿಂತ ಹದಿಮೂರೂವರೆ ಪಟ್ಟು ಭಾರವಾದ ಪಾದರಸದಿಂದ ಒತ್ತಡ ಅಳೆದರು. 1905ರಲ್ಲಿ ರಷ್ಯಾದ ಕೊರೊಟ್ಕೊವ್ ಅದಕ್ಕೆ ಸ್ಟೆತಾಸ್ಕೋಪ್ ಸೇರಿಸಿದರು. ಪಟ್ಟಿಯ ಗಾಳಿ ಬಿಡುತ್ತಿರುವಾಗ ಮೊದಲ ಸದ್ದು ಕೇಳಿದ ಮಟ್ಟವೇ ಮೇಲಿನ ಅಂಕಿ, ಹೃದಯ ಕುಗ್ಗಿದಾಗಿನ ಒತ್ತಡ. ಸದ್ದು ಅಡಗಿದ ಮಟ್ಟ ಕೆಳಗಿನ ಅಂಕಿ, ಹೃದಯ ಹಿಗ್ಗಿ ವಿಶ್ರಮಿಸುವಾಗಿನದು. ಪಾದರಸದ ಯಂತ್ರಗಳು ಈಗ ಮೂಲೆ ಸೇರುತ್ತಿದ್ದರೂ ಲೆಕ್ಕ ಮಾತ್ರ ಪಾದರಸದ ಮಿಲಿಮೀಟರುಗಳಲ್ಲೇ ಉಳಿದಿದೆ.

ವಯಸ್ಕರಲ್ಲಿ 120/80ರ ಆಸುಪಾಸು ಸಹಜ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಅದು ಅಧಿಕ ರಕ್ತದೊತ್ತಡ. ಎರಡೂ ಏರಬೇಕೆಂದಿಲ್ಲ, ಒಂದು ಏರಿದರೂ ಸಾಕು. 180/120 ದಾಟಿ, ಎದೆನೋವೋ ಉಬ್ಬಸವೋ ಮಾತಿನ ತೊದಲೋ ಜೊತೆಗೂಡಿದರೆ ತಡಮಾಡುವಂತಿಲ್ಲ.

ಆದರೆ ಅಳೆಯುವ ಕ್ರಮ ತಪ್ಪಿದರೆ ಅಂಕಿಯೂ ತಪ್ಪುತ್ತದೆ. ಔರಾದಿನಿಂದ ಬಸ್ಸಿನಲ್ಲಿ ನಿಂತೇ ಬಂದವರು, ಭಾಲ್ಕಿಯಿಂದ ರೈಲಿಳಿದು ಧಾವಿಸಿದವರು ಬೀದರಿನ ದವಾಖಾನೆಯ ಮೆಟ್ಟಿಲೇರಿದ ಕೂಡಲೇ ತೋಳು ಚಾಚಿದರೆ ಪ್ರಯಾಣದ ದಣಿವೂ ಅದರಲ್ಲಿ ಸೇರುತ್ತದೆ. ಅದಕ್ಕೆ ಅರ್ಧ ಗಂಟೆ ಮೊದಲು ಚಹಾ, ಬೀಡಿ, ತಂಬಾಕು ಬೇಡ. ಮೂತ್ರ ತಡೆದುಕೊಂಡು ಕೂಡಬಾರದು. ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ಮಾತಾಡದೆ ಐದು ನಿಮಿಷ ಕುಳಿತಿರಬೇಕು. ತೋಳು ಹೃದಯದ ಮಟ್ಟದಲ್ಲಿರಲಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯುವುದು ಒಳ್ಳೆಯದು.

ತಲೆ ಸುತ್ತಿದರೆ ಮಾತ್ರ ಬಿ.ಪಿ. ಎಂಬ ನಂಬಿಕೆಯಂತೂ ಅಪಾಯಕಾರಿ. ಬಹುಪಾಲು ಜನರಿಗೆ ಯಾವ ಲಕ್ಷಣವೂ ಕಾಣದು. ಸದ್ದಿಲ್ಲದೆ ಮಿದುಳು, ಮೂತ್ರಪಿಂಡ, ಹೃದಯ ಹಾನಿಗೊಳ್ಳುತ್ತವೆ. ಗುಳಿಗೆಯಿಂದ ಅಂಕಿ ಇಳಿದದ್ದನ್ನು ಕಂಡು ‘ವಾಸಿಯಾಯಿತು’ ಎಂದು ಗುಳಿಗೆ ಬಿಟ್ಟವರು ಪಾರ್ಶ್ವವಾಯುವಿಗೆ ತುತ್ತಾಗುವುದುಂಟು.

ಉಪ್ಪು ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆಯಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಭಾಗದ ಜೋಳದ ರೊಟ್ಟಿಯ ಮೇಲೆ ದೂರಿಲ್ಲ. ತೊಂದರೆ ಇರುವುದು ಅದರ ಪಕ್ಕ ಕೂಡುವ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿಗಳಲ್ಲಿ. ಸೈಂಧವ ಲವಣವೂ ಉಪ್ಪೇ! ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆಯಿಂದಲೂ ಒತ್ತಡ ಇಳಿಯುತ್ತದೆ. ಪ್ರತಿ ಸಲದ ಎರಡು ಅಂಕಿಗಳನ್ನು ತಾರೀಖಿನೊಡನೆ ಒಂದೇ ಚೀಟಿಯಲ್ಲಿ ಬರೆದಿಟ್ಟರೆ, ಗುಳಿಗೆ ಹೆಚ್ಚಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ವೈದ್ಯರಿಗೆ ಒಂದು ದಿನದ ಅಂಕಿಯಷ್ಟೇ ಆಧಾರವಾಗದು.