ಸೆಲ್ ಬಯಾಲಜಿ ಓದಬೇಕೆ? ಮೊದಲು ಲ್ಯಾಬ್ ನೋಡಿ ಬನ್ನಿ

ಮಾಲಿಕ್ಯುಲರ್ ಅಂಡ್ ಸೆಲ್ ಬಯಾಲಜಿ ಅಂದರೆ ಜೀವಕೋಶದೊಳಗಿನ ಅಣುಗಳು ಏನೇನು ಕೆಲಸ ಮಾಡುತ್ತವೆ ಎಂದು ಓದುವುದು. ಡಿಎನ್‌ಎಯಲ್ಲಿರುವ ಸೂಚನೆ ಆರ್‌ಎನ್‌ಎ ಆಗಿ ನಕಲಾಗುತ್ತದೆ. ಆ ನಕಲನ್ನು ನೋಡಿಕೊಂಡು ಪ್ರೋಟೀನ್ ತಯಾರಾಗುತ್ತದೆ. ಕೋಶ ಯಾವಾಗ ಒಡೆದು ಎರಡಾಗಬೇಕು, ಯಾವಾಗ ಸಾಯಬೇಕು ಎಂಬುದಕ್ಕೂ ಕಟ್ಟುನಿಟ್ಟಾದ ಕ್ರಮವಿದೆ. ಆ ಕ್ರಮ ತಪ್ಪಿ ಕೋಶ ಒಡೆಯುತ್ತಲೇ ಹೋದರೆ ಕ್ಯಾನ್ಸರ್.

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಇದೇ ಹೆಸರಿನ ಕೋರ್ಸ್ ಸಿಗುವುದು ಅಪರೂಪ. ಬಯೋಟೆಕ್ನಾಲಜಿ, ಜೆನೆಟಿಕ್ಸ್, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ – ಇವುಗಳ ಸಿಲಬಸ್‌ನಲ್ಲಿ ಇದು ಹಂಚಿಹೋಗಿರುತ್ತದೆ. ಹಾಗಾಗಿ ಕೋರ್ಸಿನ ಹೆಸರಿಗಿಂತ ಲ್ಯಾಬ್ ಮುಖ್ಯ. ವಾರಕ್ಕೆ ಎಷ್ಟು ಗಂಟೆ ಪ್ರಾಕ್ಟಿಕಲ್ಸ್, ಒಂದು ಮೈಕ್ರೋಸ್ಕೋಪಿಗೆ ಎಷ್ಟು ಮಕ್ಕಳು ಎಂದು ಸೀಟು ಹಿಡಿಯುವ ಮೊದಲೇ ಕೇಳಿ. ಸೀನಿಯರ್‌ಗಳನ್ನು ಕೇಳಿದರೆ ಇನ್ನೂ ಒಳ್ಳೆಯದು.

ಲ್ಯಾಬಿನಲ್ಲಿ ಏನು ಮಾಡಿಸುತ್ತಾರೆ? ಮೊದಲ ಪಾಠ ಬಹುತೇಕ ಈರುಳ್ಳಿಯದೇ. ನೀರಿಗೆ ತಾಗಿಸಿಟ್ಟ ಈರುಳ್ಳಿ ಬಿಳಿ ಬೇರು ಬಿಡುತ್ತದೆ. ಅದರ ತುದಿಯನ್ನಷ್ಟೇ ಕತ್ತರಿಸಿ, ಆಸಿಡ್‌ನಲ್ಲಿ ಮೆದುವಾಗಿಸಿ, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಜೋರಾದರೆ ಕವರ್‌ಸ್ಲಿಪ್ ಚೂರು, ಹಗುರಾದರೆ ಕೋಶಗಳು ಒಂದರ ಮೇಲೊಂದು. ಹದವಾಗಿ ಒತ್ತಿದರೆ ಒಡೆಯುತ್ತಿರುವ ಕೋಶ, ಅದರೊಳಗೆ ಕ್ರೋಮೋಸೋಮುಗಳು ಕಾಣುತ್ತವೆ. ಈರುಳ್ಳಿಗೆ 16.

ಆಮೇಲೆ ಪಿಸಿಆರ್ ಬರುತ್ತದೆ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಆ ಹೆಸರು ಗೊತ್ತು. ಡಿಎನ್‌ಎಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿದರೆ ಎರಡೂ ಎಳೆ ಬಿಡಿಸಿಕೊಳ್ಳುತ್ತವೆ. ತಣಿಸಿದಾಗ ಪ್ರೈಮರ್ ಎಂಬ ಚಿಕ್ಕ ತುಣುಕು ಬಂದು ಕೂರುತ್ತದೆ. 72 ಡಿಗ್ರಿಯಲ್ಲಿ ಕಿಣ್ವ ಹೊಸ ಎಳೆ ಕಟ್ಟುತ್ತದೆ. ಪ್ರತಿ ಸುತ್ತಿಗೂ ದುಪ್ಪಟ್ಟು. 30 ಸುತ್ತು ಮುಗಿಯುವಷ್ಟರಲ್ಲಿ, ಲೆಕ್ಕದ ಪ್ರಕಾರ, ಒಂದೇ ತುಣುಕು 100 ಕೋಟಿ ದಾಟಿರುತ್ತದೆ.

ಮ್ಯಾಥ್ಸ್ ಬಿಡಬಹುದೇ ಎಂದು ತುಂಬಾ ಜನ ಕೇಳುತ್ತಾರೆ. ಬಿಡಬೇಡಿ ಎಂದೇ ನನ್ನ ಸಲಹೆ. ಬೆಂಗಳೂರಿನ ಐಐಎಸ್ಸಿಯಲ್ಲಿ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಪದವಿ 2011ರಲ್ಲಿ ಶುರುವಾಯಿತು. ಅಲ್ಲಿ ಬಯಾಲಜಿ ಮೇಜರ್ ಆಯ್ದವರೂ ಮೊದಲು ಮ್ಯಾಥ್ಸ್, ಫಿಸಿಕ್ಸ್ ಓದಲೇಬೇಕು.

ದೊಡ್ಡ ಸಂಸ್ಥೆ ಬೇಕೆಂದರೆ ದೇಶದಲ್ಲಿ ಏಳು ಐಸರ್‌ಗಳಿವೆ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು). ನಮಗೆ ಹತ್ತಿರದವು ತಿರುಪತಿ, ಪುಣೆ, ತಿರುವನಂತಪುರ. ಐದು ವರ್ಷದ ಬಿಎಸ್-ಎಂಎಸ್ ಪದವಿ. ಪ್ರವೇಶಕ್ಕೆ ಐಎಟಿ ಪರೀಕ್ಷೆ: ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ತಲಾ 15 ಪ್ರಶ್ನೆ, ಮೂರು ಗಂಟೆ. ನೀಟ್ ಗಡಿಬಿಡಿಯಲ್ಲಿ ಇದರ ಅರ್ಜಿ ತಪ್ಪಿಹೋಗುವುದೇ ಹೆಚ್ಚು. ಮಾರ್ಚ್‌ನಿಂದಲೇ ವೆಬ್‌ಸೈಟ್ ನೋಡುತ್ತಿರಿ. ಐಐಎಸ್ಸಿಯೂ ಐಎಟಿ ಅಂಕ ಪರಿಗಣಿಸುತ್ತದೆ, ಆದರೆ ಅರ್ಜಿ ಬೇರೆ.

ಖರ್ಚು? ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಕೆಲವು ಸಾವಿರ ಸಾಕು. ಖಾಸಗಿಯಲ್ಲಿ ಲಕ್ಷ ದಾಟುವುದೂ ಉಂಟು. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನವಿದೆ: ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, 20,000 ಬೇಸಿಗೆ ಪ್ರಾಜೆಕ್ಟಿಗೆ. ಇಲ್ಲೊಂದು ಸೂಕ್ಷ್ಮವಿದೆ. ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಅದರ ಪಟ್ಟಿಯಲ್ಲಿವೆ, ಬಯೋಟೆಕ್ನಾಲಜಿ ಇಲ್ಲ. ಕಾಂಬಿನೇಷನ್ ಆರಿಸುವ ಮುನ್ನ ಪಟ್ಟಿ ಓದಿ.

ಕೆಲಸದ ಮಾತು. ಬರೀ ಬಿಎಸ್ಸಿಗೆ ಸಿಗುವುದು ಡಯಾಗ್ನೋಸ್ಟಿಕ್ ಲ್ಯಾಬ್, ಔಷಧ ಕಂಪನಿಗಳ ಗುಣಮಟ್ಟ ಪರೀಕ್ಷೆಯಂಥ ಆರಂಭದ ಹುದ್ದೆಗಳು. ಸಂಶೋಧನೆಗೆ ಸಾಮಾನ್ಯವಾಗಿ ಎಂಎಸ್ಸಿ ಬೇಕು, ಅದಕ್ಕೆ ಜಾಮ್, ಗ್ಯಾಟ್-ಬಿ ಪರೀಕ್ಷೆಗಳಿವೆ. ಡಿಗ್ರಿ ಓದುತ್ತಿರುವಾಗಲೇ ಒಂದು ಬೇಸಿಗೆಯನ್ನಾದರೂ ಸಂಶೋಧನಾ ಲ್ಯಾಬಿನಲ್ಲಿ ಕಳೆಯಿರಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಇದಕ್ಕೆಂದೇ ಫೆಲೋಶಿಪ್ ಕೊಡುತ್ತದೆ. ಅರ್ಜಿಗೆ ನಿಮ್ಮ ಮೇಷ್ಟ್ರ ಶಿಫಾರಸು ಪತ್ರ ಬೇಕಾಗುತ್ತದೆ, ಮೊದಲೇ ಕೇಳಿಟ್ಟುಕೊಳ್ಳಿ.