ನಿಮಗಿದು ಗೊತ್ತೇ? ತಪ್ಪು ಮಾಡಿ ಕಲಿಯುವ ಕೆಲಸ

ನೆಲದ ಮೇಲೇ ಕೂರಿಸಿ ವಿಮಾನ ಹಾರಿಸುವುದನ್ನು ಕಲಿಸುವ ಲಿಂಕ್ ಟ್ರೇನರ್ ಹುಟ್ಟಿದ್ದು ವಾದ್ಯಗಳ ಕಾರ್ಖಾನೆಯಲ್ಲಿ! ಅಮೆರಿಕದ ಬಿಂಗ್‌ಹ್ಯಾಮ್ಟನ್‌ನಲ್ಲಿ ಪಿಯಾನೊ, ಆರ್ಗನ್ ತಯಾರಿಸುತ್ತಿದ್ದ ಮನೆತನದ ಎಡ್ವಿನ್ ಲಿಂಕ್, ಆರ್ಗನ್ನಿನ ತಿದಿಗಳನ್ನೇ ಪುಟ್ಟ ಮರದ ವಿಮಾನದ ಕೆಳಗೆ ಜೋಡಿಸಿದ. ತಿದಿ ಉಬ್ಬಿದರೆ ಆ ಬದಿ ಮೇಲೇಳುತ್ತಿತ್ತು, ಕುಗ್ಗಿದರೆ ವಾಲುತ್ತಿತ್ತು. 1929ರಲ್ಲಿ ಯಂತ್ರ ಸಿದ್ಧವಾದರೂ ಮೊದಮೊದಲು ಕೊಂಡವರು ಹೆಚ್ಚಾಗಿ ಮನರಂಜನಾ ಪಾರ್ಕಿನವರು. 1934ರಲ್ಲಿ ಅಂಚೆ ಸಾಗಿಸಲು ಹೊರಟ ಸೇನೆಯ ಪೈಲಟ್‌ಗಳು ಕೆಟ್ಟ ಹವೆಗೆ ಸಿಕ್ಕಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೇನೆ ಆರು ಯಂತ್ರ ಕೊಂಡಿತು. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಸುಮಾರು 5 ಲಕ್ಷ ಪೈಲಟ್‌ಗಳು ಅದರಲ್ಲಿ ಕೂತು, ಜೀವಕ್ಕೆ ಅಪಾಯವಿಲ್ಲದೆ ತಪ್ಪು ಮಾಡಿ ಕಲಿತಿದ್ದರು.

ಲಿಂಕ್ ಟ್ರೇನರಿಗೂ 170 ವರ್ಷ ಮೊದಲೇ ಒಬ್ಬ ಸೂಲಗಿತ್ತಿ ಈ ದಾರಿ ಹಿಡಿದಿದ್ದಳು. 1759ರಲ್ಲಿ ಫ್ರಾನ್ಸಿನ ದೊರೆ 15ನೇ ಲೂಯಿ, ಹಳ್ಳಿಗಾಡಿನ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸುವ ಹೊಣೆಯನ್ನು ಆಂಜೆಲಿಕ್ ದ್ಯು ಕೂದ್ರೇ ಎಂಬಾಕೆಗೆ ಒಪ್ಪಿಸಿದ. ಕಲಿಯಲು ಬಂದವರಲ್ಲಿ ಎಷ್ಟೋ ಜನಕ್ಕೆ ಓದು ಬಾರದು. ಹಾಗಾಗಿ ಆಕೆ ಬಟ್ಟೆ, ಚರ್ಮ, ಹತ್ತಿಯಿಂದ ಗರ್ಭಿಣಿಯ ಸೊಂಟದ ಭಾಗವನ್ನು ಹೊಲಿದಳು, ಜೊತೆಗೊಂದು ಮಗುವಿನ ಬೊಂಬೆ. ಮಗು ಅಡ್ಡ ಸಿಕ್ಕಿಕೊಂಡರೆ ಕೈ ಎಲ್ಲಿಡಬೇಕು, ಕಾಲು ಮೊದಲು ಬಂದರೆ ಏನು ಮಾಡಬೇಕು, ಎಲ್ಲವನ್ನೂ ಬೊಂಬೆಯ ಮೇಲೆ ಮತ್ತೆ ಮತ್ತೆ ಮಾಡಿಸಿದಳು. ಸಾವಿರಾರು ಹೆಂಗಸರು ಹೀಗೆ ಕಲಿತರು. ಆ ಬೊಂಬೆಗಳಲ್ಲಿ ಒಂದು ಇಂದಿಗೂ ರೂವಾನ್ ನಗರದ ಮ್ಯೂಸಿಯಂನಲ್ಲಿದೆ. ಎಕ್ಸ್‌ರೇ ತೆಗೆದಾಗ ಒಳಗೆ ಸಿಕ್ಕಿದ್ದು ನಿಜವಾದ ಮನುಷ್ಯರ ಮೂಳೆ!

ನಿಂತ ಉಸಿರನ್ನು ಮರಳಿಸುವುದನ್ನು ಕಲಿಸುವ ಬೊಂಬೆಯನ್ನು 1960ರಲ್ಲಿ ರೂಪಿಸಿದವರು ನಾರ್ವೆಯ ಒಬ್ಬ ಆಟಿಕೆ ತಯಾರಕ, ಆಸ್ಮುಂಡ್ ಲೇರ್ಡಲ್.

ನಮ್ಮ ಐಟಿಐಗೆ ಬನ್ನಿ. ಫಿಟ್ಟರ್ ಹುಡುಗರ ಮೊದಮೊದಲ ಪಾಠವೇ ಫೈಲಿಂಗ್. ಕಬ್ಬಿಣದ ತುಂಡನ್ನು ವೈಸ್‌ಗೆ ಬಿಗಿದು ಅರದಿಂದ ಉಜ್ಜುತ್ತಲೇ ಇರಬೇಕು. ಉಜ್ಜಿದ ಮೇಲೆ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಕೂದಲೆಳೆಯಷ್ಟು ಬೆಳಕು ನುಸುಳಿದರೂ ಮೇಲ್ಮೈ ಸಮತಟ್ಟಾಗಿಲ್ಲ ಎಂದೇ ಲೆಕ್ಕ, ಮತ್ತೆ ಉಜ್ಜು. ತಪ್ಪನ್ನು ಮೇಷ್ಟ್ರು ಹೇಳಬೇಕಾಗಿಲ್ಲ, ಬೆಳಕೇ ಹೇಳುತ್ತದೆ. ಕಾರ್ಪೊರೇಟ್ ತರಬೇತಿಯವರು ಹುಡುಕುವ ಒಳ್ಳೆಯ ಫೀಡ್‌ಬ್ಯಾಕ್ ಎಂದರೆ ಇದೇ.

ಇನ್ನು ತರಬೇತಿಯ ಒಂದು ಆಟ: 20 ಕಡ್ಡಿ ಸ್ಪಗೆಟ್ಟಿ, ಒಂದು ಗಜ ಟೇಪು, ಒಂದು ಗಜ ದಾರ, ಒಂದು ಮಾರ್ಷ್‌ಮ್ಯಾಲೊ ಮಿಠಾಯಿ. 18 ನಿಮಿಷದಲ್ಲಿ ಗೋಪುರ ಕಟ್ಟಿ ತುದಿಯಲ್ಲಿ ಮಿಠಾಯಿ ನಿಲ್ಲಿಸಬೇಕು. ಈ ಆಟ ಆಡಿಸುವ ಟಾಮ್ ವುಜೆಕ್ ಕಂಡಂತೆ, ಎಂಬಿಎ ವಿದ್ಯಾರ್ಥಿಗಳಿಗಿಂತ ಶಿಶುವಿಹಾರದ ಮಕ್ಕಳು ಚೆನ್ನಾಗಿ ಕಟ್ಟುತ್ತಾರೆ. ದೊಡ್ಡವರು ಯೋಜನೆ ಹಾಕುತ್ತ ಕೂತು ಮಿಠಾಯಿಯನ್ನು ಕೊನೆಗೆ ಇಡುತ್ತಾರೆ, ಮಕ್ಕಳು ಮೊದಲಿನಿಂದಲೇ ಇಟ್ಟು ನೋಡುತ್ತಾರೆ.

ಅಮೆರಿಕದ ಎಂಐಟಿಯಲ್ಲಿ 1960ರ ಸುಮಾರಿಗೆ ಹುಟ್ಟಿದ ‘ಬಿಯರ್ ಗೇಮ್’ನಲ್ಲಿ ಕುಡಿಯಲು ಏನೂ ಸಿಗುವುದಿಲ್ಲ! ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ವರು ಸಾಲಾಗಿ ಕೂರುತ್ತಾರೆ. ಪರಸ್ಪರ ಮಾತಾಡುವಂತಿಲ್ಲ, ಆರ್ಡರ್ ಚೀಟಿ ಮಾತ್ರ ದಾಟಿಸಬೇಕು. ಗಿರಾಕಿಯ ಬೇಡಿಕೆ ಒಮ್ಮೆ 4 ಕೇಸಿನಿಂದ 8ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಅಷ್ಟಕ್ಕೇ ಒಬ್ಬೊಬ್ಬರೂ ಹೆದರಿ ಹೆಚ್ಚೆಚ್ಚು ತರಿಸುತ್ತಾರೆ, ಕೊನೆಗೆ ಗೋದಾಮು ತುಂಬಿ ತುಳುಕುತ್ತದೆ. ಗಿರಾಕಿಗಳೇ ಹುಚ್ಚುಚ್ಚಾಗಿ ಕೊಂಡಿರಬೇಕು ಎಂದು ಎಲ್ಲರೂ ದೂರುತ್ತಾರೆ. ನಿಜವಾದ ಬೇಡಿಕೆಯ ಗೆರೆಯನ್ನು ತೋರಿಸಿದಾಗ ಕೋಣೆ ಮೌನವಾಗುತ್ತದೆ. ಪಾಠ ಶುರುವಾಗುವುದು ಆಗ.

‘ಓದಿದ್ದರಲ್ಲಿ ಶೇ 10, ಮಾಡಿದ್ದರಲ್ಲಿ ಶೇ 90 ನೆನಪಿರುತ್ತದೆ’ ಎಂಬ ಚಿತ್ರವನ್ನು ತರಬೇತಿಗಳಲ್ಲಿ ನೋಡಿರುತ್ತೀರಿ. ಅದಕ್ಕೆ ಆಧಾರ ಎನ್ನಲಾಗುವ ಎಡ್ಗರ್ ಡೇಲ್ ಅವರ 1946ರ ‘ಅನುಭವದ ಶಂಕು’ವಿನಲ್ಲಿ ಒಂದೇ ಒಂದು ಅಂಕಿಯೂ ಇರಲಿಲ್ಲ! ಶೇಕಡಾವಾರು ಲೆಕ್ಕವೆಲ್ಲ ಬೇರೆಯವರು ಅಂಟಿಸಿದ್ದು. ಒಳ್ಳೆಯ ವಿಧಾನಕ್ಕೆ ಸುಳ್ಳು ಅಂಕಿಯ ಊರುಗೋಲು ಬೇಡ.

2019ರಲ್ಲಿ ಪ್ರಕಟವಾದ ಹಾರ್ವರ್ಡ್ ಅಧ್ಯಯನ ಇನ್ನೂ ಸೋಜಿಗದ್ದು. ಭೌತಶಾಸ್ತ್ರ ತರಗತಿಯಲ್ಲಿ ತಾವೇ ಲೆಕ್ಕ ಬಿಡಿಸಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಆದರೆ ಸೊಗಸಾದ ಉಪನ್ಯಾಸ ಕೇಳಿದವರಿಗೇ ತಾವು ಹೆಚ್ಚು ಕಲಿತೆವು ಅನ್ನಿಸಿತ್ತು. ತರಬೇತಿ ಮುಗಿದ ಕೂಡಲೇ ‘ಹೇಗಿತ್ತು?’ ಎಂದು ಫಾರ್ಮ್ ತುಂಬಿಸಿಕೊಂಡು ತೃಪ್ತಿಪಡುವವರು ಇದನ್ನು ಗಮನಿಸಬೇಕು.

ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರದಲ್ಲಿ ಮಾಡಿ ನೋಡುವುದು ನಾಲ್ಕರಲ್ಲಿ ಒಂದು ಹೆಜ್ಜೆ ಅಷ್ಟೆ. ಆದದ್ದನ್ನು ಮೆಲುಕು ಹಾಕುವುದು, ಅದರಿಂದ ತತ್ವ ಹೆಕ್ಕುವುದು, ಮತ್ತೆ ಪ್ರಯೋಗಿಸುವುದು ಉಳಿದ ಮೂರು. ಆದ್ದರಿಂದ ನಿಮ್ಮ ಕಚೇರಿಯಲ್ಲಿ ತರಬೇತಿ ಏರ್ಪಡಿಸುವಾಗ, ಆಟ ಮುಗಿದ ಕೂಡಲೇ ಎಲ್ಲರನ್ನೂ ಊಟಕ್ಕೆ ಎಬ್ಬಿಸಬೇಡಿ. ಅರ್ಧ ಗಂಟೆ ಕೂರಿಸಿ, ಏನಾಯಿತು, ಯಾಕಾಯಿತು ಎಂದು ಅವರ ಬಾಯಿಂದಲೇ ಹೇಳಿಸಿ.